ಗರಿಗಳ ಭಾನುವಾರದ ಮಳೆ

ನಾನು ನಿನ್ನಣ್ಣನನ್ನು ಕೇಳಿದೆನೋ, ಕೇಳಲೇ ಇಲ್ಲವೋ — ಇಷ್ಟು ವರ್ಷ ಇದು ನನಗೆ ಖಚಿತವಿರಲಿಲ್ಲ ಎಂದರೆ ನೀನು ನಂಬುವುದು ಕಷ್ಟ, ಲೀನಾ. ನಿನಗೆ ಹೇಳಿದ ಮಾತು ಮಾತ್ರ ಖಚಿತವಾಗಿ ನೆನಪಿದೆ. "ಕೇಳಿದೆ. ಆಗುದಿಲ್ಲ ಅಂದ." ಇಷ್ಟೇ. ಆವತ್ತು ನೀನು ಮತ್ತೆ ಏನೂ ಕೇಳಲಿಲ್ಲ. ಆ ಮಾತು ಸುಳ್ಳು. ಅದು ಎಂಥ ಸುಳ್ಳು, ಪೂರ್ತಿ ಸುಳ್ಳೋ, ಅರ್ಧ ನೆನಪಿನಿಂದ ಹುಟ್ಟಿದ್ದೋ, ಊಹೆಯನ್ನು ಉತ್ತರವೆಂದು ಹೇಳಿದ್ದೋ — ಇದನ್ನೆಲ್ಲ ವಿಂಗಡಿಸುತ್ತ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ತತ್ತ್ವಶಾಸ್ತ್ರ ಓದಿದವನಿಗೆ ಇಂಥ ವಿಂಗಡಣೆ ಚೆನ್ನಾಗಿ ಬರುತ್ತದೆ. ನಿನಗೆ ಅದರಿಂದ ಆದದ್ದು ಏನೂ ಇಲ್ಲ.

ಲೀನಾ ಎಂಬುದು ನಿನ್ನ ಹೆಸರಲ್ಲ, ಫ್ರಾನ್ಸಿಸ್ ನಿನ್ನಣ್ಣನ ಹೆಸರೂ ಅಲ್ಲ. ಇದನ್ನು ಮೊದಲು ನಿನಗೇ ಕಳಿಸುತ್ತೇನೆ. ನೀನು ಬೇಡವೆಂದರೆ ಇದು ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಸುಂಟಿಕೊಪ್ಪದಿಂದ ಎರಡು ಮೈಲಿ ಒಳಗೆ ನಮ್ಮ ಸಣ್ಣ ತೋಟ, ಬೇಲಿಯಾಚೆ ಫ್ರಾನ್ಸಿಸ್ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದ ದೊಡ್ಡ ಎಸ್ಟೇಟ್. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅಲ್ಲೇ ರೂಮು, ಶನಿವಾರ ಊರಿಗೆ. ಬಂದವನು ಬ್ಯಾಗ್ ಇಟ್ಟು ಮೊದಲು ಹೋಗುತ್ತಿದ್ದುದು ಬೇಲಿಯ ಸಂದಿಯಿಂದ ನಿಮ್ಮ ಕಣಕ್ಕೆ. ಹಗಲಿಡೀ ಕಾಫಿ ಒಣಗಿದ ಆ ಸಿಮೆಂಟಿನ ನೆಲ ಸಂಜೆ ಐದರ ಹೊತ್ತಿಗೂ ಬೆಚ್ಚಗಿರುತ್ತಿತ್ತು. ರಾಶಿ ಮಾಡಿ ಟಾರ್ಪಾಲು ಹೊದೆಸಿದ ಕಾಫಿಗೆ ಒರಗಿಕೊಂಡು ನಾವಿಬ್ಬರೂ ದೇವರಿದ್ದಾನೋ ಇಲ್ಲವೋ ಎಂದು ಜಗಳಾಡುತ್ತಿದ್ದೆವು. ಹುಳಿಯಾದ ಹಣ್ಣುಸಿಪ್ಪೆಯ ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಂದರೆ ನನಗೆ ವಾದ ಮಾಡಬೇಕು ಅನ್ನಿಸುತ್ತದೆ.

ನೀನು ಸ್ಟೀಲ್ ಲೋಟಗಳಲ್ಲಿ ಬೆಲ್ಲದ ಕಾಫಿ ತಂದಿಟ್ಟು, "ಇವತ್ತು ಯಾರು ಗೆದ್ದದ್ದು, ಲೋಕಣ್ಣ?" ಎನ್ನುತ್ತಿದ್ದೆ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನಿನ್ನನ್ನು ಬೆಳೆಸಿದವನು ಫ್ರಾನ್ಸಿಸನೇ. ನಿನಗಿಂತ ಎಂಟು ವರ್ಷಕ್ಕೆ ದೊಡ್ಡವನು. ನಿನಗೆ ಜಡೆ ಹಾಕಲು ಕಲಿತದ್ದು ಗೋಣಿಚೀಲದ ದಾರದಲ್ಲಿ ಅಭ್ಯಾಸ ಮಾಡಿ ಎಂದು ಕೂಲಿ ಲೈನಿನ ಹೆಂಗಸರು ಅವನನ್ನು ತಮಾಷೆ ಮಾಡುತ್ತಿದ್ದರು.

ನಮ್ಮ ವಾದಗಳಲ್ಲಿ ಎಂದೂ ಮುಗಿಯದ ಒಂದು ವಾದವೆಂದರೆ ಗರ್ಭಪಾತದ್ದು. ಅದು ಹೇಗೆ ಶುರುವಾಯಿತೋ ನೆನಪಿಲ್ಲ. ಅವನ ಚರ್ಚಿನಲ್ಲಿ ಪಾದ್ರಿಗಳು ಮಾಡಿದ ಯಾವುದೋ ಪ್ರಸಂಗದಿಂದ ಇರಬೇಕು. ನಾನು ಪುಸ್ತಕದ ಭಾಷೆಯಲ್ಲಿ ಮಾತಾಡುತ್ತಿದ್ದೆ. ನೋವು ಗೊತ್ತಾಗದ, ತಾನು ಇದ್ದೇನೆಂದೇ ಅರಿಯದ ಒಂದು ಆರಂಭವನ್ನು, ನೋವು ಗೊತ್ತಿರುವ ಒಬ್ಬ ಹೆಂಗಸಿನ ಬದುಕಿಗೆ ಸಮನಾಗಿ ತೂಗಬಾರದು ಎಂದು. ಅವನು ನರ್ಸರಿಯ ಭಾಷೆಯಲ್ಲಿ ಉತ್ತರಿಸುತ್ತಿದ್ದ. ಕಾಫಿ ಬೀಜ ಮೊಳೆತು, ತಲೆಯ ಮೇಲೆ ಬೀಜವನ್ನೇ ಹೊತ್ತು ನಿಲ್ಲುವ ಹಂತಕ್ಕೆ ನಮ್ಮಲ್ಲಿ ಟೋಪಿ ಎನ್ನುತ್ತಾರಲ್ಲ — ಅದನ್ನು ಹಿಡಿದುಕೊಂಡ.

"ಟೋಪಿ ಸಸಿ ತುಳಿದು ಬಾ ನೋಡುವ. ‘ಬೀಜ ತುಳಿದೆ' ಅಂತ ನಿನ್ನ ಅಪ್ಪ ಸುಮ್ಮನೆ ಬಿಡ್ತಾರಾ? ಗಿಡ ಹಾಳು ಮಾಡಿದೆ ಅಂತಲೇ ಬಯ್ಯುದು."

"ನೀನು ವರ್ಷಕ್ಕೆ ಎಷ್ಟು ಸಸಿ ಕಿತ್ತು ಬಿಸಾಡ್ತೀ?"

"ಬಿಸಾಡ್ತೇನೆ ಮಾರಾಯ. ಆದ್ರೆ ಅದು ಸಸಿಯೇ ಅಲ್ಲ ಅಂತ ಹೇಳಿ ಬಿಸಾಡುದಿಲ್ಲ."

ನಾನು ಒಂದು ಮಾತು ಹೇಳಿದೆ. ಸಸಿಗೆ ಮಣ್ಣಿನ ಚೀಲ ಬೇಕು, ಹೆಂಗಸು ಚೀಲ ಅಲ್ಲ ಎಂದು. ಅವನು ಎದ್ದು ಟಾರ್ಪಾಲಿನ ಅಂಚು ಸರಿಮಾಡಿದ. ಆ ವಾಕ್ಯದ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಮುಂದಿನ ವಾರ ಕಾಲೇಜಿನಲ್ಲೂ ಅದನ್ನು ಹೇಳಿದೆ. ಈಗಲೂ ಅದು ತಪ್ಪು ವಾಕ್ಯವೆಂದು ನನಗೆ ಅನ್ನಿಸುವುದಿಲ್ಲ. ತಪ್ಪು ಇರುವುದು — ಅದಕ್ಕೆ ಬರುತ್ತೇನೆ.

ಆ ವರ್ಷದ ತಪಸ್ಸುಕಾಲ, ಈಸ್ಟರಿಗೆ ಮುಂಚಿನ ಆ ನಲವತ್ತು ದಿನ, ನಿನಗೆ ನೆನಪಿದೆಯೇ? ಕಾಫಿ ಅರಳಿಸುವ ಹೂಮಳೆ ಬರಬೇಕಾದ ಕಾಲ ಕಳೆದಿತ್ತು. ಮೊಗ್ಗು ಕಟ್ಟಿದ ಗಿಡಗಳು ಬಿರಿಯದೆ ನಿಂತಿದ್ದವು. ಎಲ್ಲರ ತೋಟದಲ್ಲೂ ಕೆರೆಯಿಂದ ನೀರೆತ್ತುವ ಪಂಪಿನ ಸದ್ದು. ಈಸ್ಟರ್ ಕಳೆದು ಎರಡನೇ ವಾರ ಫ್ರಾನ್ಸಿಸನ ಮದುವೆ ನಿಶ್ಚಯವಾಗಿತ್ತು. ನೀನು ಮಂಗಳೂರಿನ ನರ್ಸಿಂಗ್ ತರಬೇತಿಯ ಕೊನೆಯ ವರ್ಷದಿಂದ ರಜೆಗೆ ಬಂದಿದ್ದೆ. ಇಪ್ಪತ್ತೆರಡು ವಯಸ್ಸು. ಶನಿವಾರ ಮಧ್ಯಾಹ್ನ ನಾನು ಬಸ್ಸಿಳಿದು ಬರುವ ದಾರಿಯಲ್ಲಿ, ಬೇಲಿಯ ಹತ್ತಿರ, ನೀನು ನನಗಾಗಿಯೇ ಕಾದು ನಿಂತಿದ್ದೆ.

ನೀನು ಅಳಲಿಲ್ಲ. ವಾರ್ಡಿನಲ್ಲಿ ಬೇರೆಯವರ ವಿಷಯ ವರದಿ ಮಾಡುವಂತೆ ಹೇಳಿದೆ. ಬಸುರಾಗಿ ಎಷ್ಟು ವಾರ ಆಗಿದೆ, ಆ ಮನುಷ್ಯ ಮದುವೆಯಾಗುತ್ತೇನೆ ಎಂದವನು ಊರು ಬಿಟ್ಟು ಹೋಗಿದ್ದಾನೆ, ಅವನನ್ನು ಹುಡುಕುವುದಿಲ್ಲ. ಆಮೇಲೆ ನನ್ನಿಂದ ಬೇಕಾದದ್ದನ್ನು ಕೇಳಿದೆ.

"ಲೋಕಣ್ಣ, ನಾನಿದ್ದೇನೆ ಅಂತ ಅಣ್ಣ ಒಂದು ಮಾತು ಹೇಳಿದ್ರೆ ಸಾಕು. ನಾನು ಇಟ್ಕೊಳ್ತೇನೆ. ಅವನಿಗೆ ಆಗುದಿಲ್ಲ ಅಂತಾದ್ರೆ ನನ್ನೊಬ್ಬಳಿಂದ ಆಗುದಿಲ್ಲ. ಅವನ ಮುಖ ನೋಡಿ ಕೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ. ನೀವು ಕೇಳಿ."

ಕೇಳುತ್ತೇನೆ ಎಂದೆ. ಮಾರನೆಯ ದಿನ ಗರಿಗಳ ಭಾನುವಾರ, ಈಸ್ಟರಿಗೆ ಇನ್ನೊಂದು ವಾರ. ಫ್ರಾನ್ಸಿಸ್ ಬೆಳಗಿನ ಪೂಜೆಗೆ ಸುಂಟಿಕೊಪ್ಪದ ಚರ್ಚಿಗೆ ಹೋಗಿರುತ್ತಾನೆ, ಅಲ್ಲಿಂದ ಹೊರಬರುವಾಗ ಹಿಡಿಯುತ್ತೇನೆ, ದಾರಿಯಲ್ಲಿ ನಡೆಯುತ್ತ ಮಾತಾಡುತ್ತೇವೆ — ಹೀಗೆ ನಿನಗೆ ಮಾತು ಕೊಟ್ಟೆ.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಂಬಬೇಡ. ನಾನೂ ನಂಬುವುದಿಲ್ಲ.

ಮೊದಲ ಕೆಲವು ವರ್ಷ ನನಗೆ, ನಾನು ಅವನನ್ನು ಕೇಳಿದ್ದೇನೆ ಎಂದೇ ನೆನಪಿತ್ತು. ಕಣದಲ್ಲಿ ಕೂತು, ಯಾರೋ ಒಬ್ಬ ಹುಡುಗಿಯ ವಿಷಯವೆಂಬಂತೆ ಕೇಳಿದ್ದು, ಅವನು ತಲೆ ಅಲ್ಲಾಡಿಸಿದ್ದು. ಆದರೆ ಆ ಚಿತ್ರದಲ್ಲಿ ಅವನ ಕೈಯಲ್ಲಿ ಟಾರ್ಪಾಲಿನ ಅಂಚಿದೆ. ಮಾರ್ಚ್ ಕೊನೆಗೆ ಕಣದಲ್ಲಿ ಕಾಫಿ ಇರುವುದಿಲ್ಲ. ಅಂದರೆ ಅದು ಹಳೆಯ ವಾದದ ಚಿತ್ರ, ನನಗೆ ಬೇಕಾದಾಗ ಮುಂದಕ್ಕೆ ಸರಿಸಿಕೊಂಡದ್ದು. ಆ ನೆನಪನ್ನು ಬಿಟ್ಟುಕೊಟ್ಟೆ.

ಅದು ಹೋದಮೇಲೆ ಉಳಿದದ್ದು ಮಳೆ. ಭಾನುವಾರ ಬೆಳಿಗ್ಗೆ ನಾನು ಹೊರಟದ್ದು ನಿಜ. ಸುಂಟಿಕೊಪ್ಪ ತಲುಪುವಷ್ಟರಲ್ಲಿ ಮೋಡ ಒಡೆದು, ಆ ವರ್ಷದ ಮೊದಲ ಮಳೆ ಬಿತ್ತು. ಒಂದು ಅಂಗಡಿಯ ಜಗಲಿಯಲ್ಲಿ ನಿಂತೆ. ಚರ್ಚಿನ ಜನ ತೆಂಗಿನ ಗರಿಗಳನ್ನು ತಲೆಯ ಮೇಲೆ ಹಿಡಿದು ಓಡುತ್ತಿದ್ದರು. ಆ ಗದ್ದಲದಲ್ಲಿ ಫ್ರಾನ್ಸಿಸ್ ಸಿಗಲಿಲ್ಲ. ಒದ್ದೆಮಣ್ಣಿನ ವಾಸನೆ, ಹಂಚಿನ ಮೇಲಿನ ಸದ್ದು, ನನ್ನ ಪ್ಯಾಂಟಿನ ಅಂಚಿಗೆ ಹಾರಿದ ಕೆಸರು — ಎಲ್ಲ ಇದೆ. ಮಳೆ ಬಂತು, ಕೇಳಲಾಗಲಿಲ್ಲ, ನಿನಗೆ ಕಾಯಲು ಸಮಯವಿರಲಿಲ್ಲ, ಅವನ ಉತ್ತರ ನನಗೆ ಹೇಗೂ ಗೊತ್ತಿತ್ತು. ಆರು ವರ್ಷ ಚರ್ಚಿನ ಮಾತೇ ಆಡಿದವನು ಮದುವೆಯಿಲ್ಲದೆ ಬಸುರಾದ ತಂಗಿಯ ಜೊತೆ ನಿಲ್ಲಲಾರ ಎಂದುಕೊಂಡು, ಆ ಉತ್ತರವನ್ನು ನಿನಗೆ ದಾಟಿಸಿದೆ. ಇದು ಸುಳ್ಳಲ್ಲ, ಅವಸರ. ಹೀಗೆಂದುಕೊಂಡು ಬಹಳ ವರ್ಷ ನಿದ್ದೆ ಮಾಡಿದೆ.

ಭಾನುವಾರ ಮಧ್ಯಾಹ್ನ ನಿನಗೆ ಆ ಮಾತು ಹೇಳಿದೆ. ಮಂಗಳವಾರ ಇಬ್ಬರೂ ಮೈಸೂರಿನ ಬಸ್ಸು ಹತ್ತಿದೆವು. ಅಣ್ಣನಿಗೆ ನೀನು ಕೆಲಸದ ಸಂದರ್ಶನವೆಂದಿದ್ದೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ನೀನು ಒಮ್ಮೆ, "ಅಣ್ಣ ಯೋಚನೆ ಮಾಡಿ ಹೇಳಿದ್ದಾ, ಕೂಡ್ಲೇ ಹೇಳಿದ್ದಾ?" ಎಂದು ಕೇಳಿದೆ. ನಾನು, ಯೋಚನೆ ಮಾಡಿಯೇ ಹೇಳಿದ ಎಂದೆ. ಯಾಕೆ ಹಾಗೆಂದೆ? ಕೂಡಲೇ ಎಂದಿದ್ದರೆ ನೀನು ಇನ್ನೊಮ್ಮೆ ಕೇಳೋಣ ಎನ್ನಬಹುದಿತ್ತು. ಡಾಕ್ಟರು ನಿನ್ನನ್ನು ಒಬ್ಬಳನ್ನೇ ಕೂರಿಸಿ ಮಾತಾಡಿಸಿದರು, ನೀನು ನಿನ್ನ ಬಾಯಿಂದಲೇ ಒಪ್ಪಿಗೆ ಕೊಟ್ಟೆ. ಕಾನೂನಿನ ಕಣ್ಣಿಗೆ ಅದು ನಿನ್ನ ನಿರ್ಧಾರ. ಗುರುವಾರ ಸಂಜೆ ಹಿಂದೆ ಬಂದೆವು. ಶುಭ ಶುಕ್ರವಾರ ನೀನು ಚರ್ಚಿಗೆ ಹೋಗಲಿಲ್ಲ. ತಂಗಿಗೆ ಜ್ವರ, ಉಪವಾಸಕ್ಕೆ ನಾನೂ ಇವತ್ತು ಗಂಜಿಯೇ, ಅವಳಿಗೂ ಅದೇ ಕುಡಿಸಿದೆ ಎಂದು ಫ್ರಾನ್ಸಿಸ್ ಬೇಲಿಯ ಹತ್ತಿರ ಸಿಕ್ಕಾಗ ಹೇಳಿದ. ನಾನು ಹೂಂ ಎಂದೆ.

ಅಣ್ಣನ ಮದುವೆ ಮುಗಿಸಿ ಹೋದವಳು ನೀನು ಮಂಗಳೂರಿನಲ್ಲೇ ಉಳಿದೆ. ಮೊದಲು ಹಬ್ಬಕ್ಕೆ ಬರುತ್ತಿದ್ದೆ, ಆಮೇಲೆ ಕಾಗದ, ಆಮೇಲೆ ಕ್ರಿಸ್ಮಸ್‌ಗೆ ಒಂದು ಫೋನು.

ಮೂರು ವರ್ಷ ಕಳೆದಿರಬೇಕು. ಎಸ್ಟೇಟಿನ ಲೈನಿನಲ್ಲಿ ಒಬ್ಬ ತಮಿಳು ಹುಡುಗಿ ಬಸುರಾದಳು, ಗಂಡನಿಲ್ಲ. ಅವಳನ್ನು ಊರಿಗೆ ಕಳಿಸಿಬಿಡಿ ಎಂದು ಮಾಲೀಕರು ರೈಟರಿಗೆ ಹೇಳಿದರು. ಫ್ರಾನ್ಸಿಸ್ ಕಳಿಸಲಿಲ್ಲ. ಹೆಂಡತಿಯನ್ನು ಒಪ್ಪಿಸಿ ಅವಳನ್ನು ತನ್ನ ಮನೆಯ ಹಿಂದಿನ ಕೋಣೆಯಲ್ಲಿಟ್ಟುಕೊಂಡ. ಅಂಗಡಿ ಬೀದಿಯಲ್ಲಿ ಜನ ಆ ಮಗು ರೈಟರದ್ದೇ ಎಂದು ಆಡಿಕೊಂಡರು. ಅದೂ ಅವನ ಕಿವಿಗೆ ಬಿತ್ತು. ಹೆರಿಗೆಗೆ ಮಡಿಕೇರಿಗೆ ಜೀಪಿನಲ್ಲಿ ಕರೆದುಕೊಂಡು ಹೋದವನೂ ಅವನೇ, ಜ್ಞಾನಸ್ನಾನದ ದಿನ ಮಗುವಿನ ಪರವಾಗಿ ಮಾತು ಕೊಡಲು ನಿಂತವನೂ ಅವನೇ. ಇಷ್ಟೆಲ್ಲ ಯಾಕೆ ಮೈಮೇಲೆ ಹಾಕಿಕೊಂಡೆ ಎಂದು ನಾನು ಕೇಳಿದೆ. ಅವನು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದ.

"ಮಗು ಬೇಡ ಅನ್ಬೇಡ ಅಂತ ಅವಳಿಗೆ ಹೇಳಿದವನು ನಾನು. ಹಾಗಾದ್ರೆ ಎತ್ತಿಕೊಳ್ಳುದು ಯಾರು ಮಾರಾಯ? ನೀನಾ?"

ಕಣದ ಅಂಚಿನಲ್ಲಿ ನಿಂತಿದ್ದೆವು. ನಾನು ಅಲ್ಲೇ ಕೂತುಕೊಂಡೆ. ನಿನಗೆ ಅವನು ಕೊಡಬಹುದಾಗಿದ್ದ ಉತ್ತರ ಆವತ್ತು ನನಗೆ ಗೊತ್ತಾಯಿತು. ನಿನಗೆ ಬರೆಯಬೇಕಾಗಿದ್ದದ್ದು ಆವತ್ತೇ. ಬರೆಯಲಿಲ್ಲ. ಭಾನುವಾರದ ತಪ್ಪನ್ನು ಒಂದು ದಿನದ ತಪ್ಪೆನ್ನಬಹುದು. ಇದು ಇಪ್ಪತ್ತೈದು ವರ್ಷ ದಿನಾ ಬೆಳಿಗ್ಗೆ ಎದ್ದು ಮಾಡಿದ ತಪ್ಪು.

ಗರ್ಭಪಾತದ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ, ಇದನ್ನೂ ಹೇಳಬೇಕು. ನೀನು ಮಾಡಿದ್ದು ಪಾಪವಲ್ಲ. ಆ ಹಾಸಿಗೆಯ ಮೇಲೆ ನೀನು ಯಾರನ್ನೂ ಕೊಲ್ಲಲಿಲ್ಲ. ಗೊತ್ತಾದರೆ ಫ್ರಾನ್ಸಿಸ್ ಇದನ್ನು ಒಪ್ಪಲಾರ; ಅಲ್ಲೊಂದು ಜೀವವಿತ್ತು, ಅದಕ್ಕೊಂದು ಹೆಸರಿಡಬಹುದಿತ್ತು ಎಂದಾನು. ನಮ್ಮ ಜಗಳ ಅಲ್ಲೇ ನಿಂತಿದೆ, ನಿಂತಿರಲಿ. ಆದರೆ ಆಯ್ಕೆ ಹೆಂಗಸಿನದು ಎಂದು ಕಣದಲ್ಲಿ ಗಂಟಲು ಹರಿದುಕೊಂಡವನು ನಾನು, ಅವನಲ್ಲ. ನಿನ್ನ ಮುಂದೆ ಎರಡು ದಾರಿ ಇದ್ದವು. ಒಂದನ್ನು ನಾನು ಮುಚ್ಚಿ, ಅದು ಮುಚ್ಚಿಯೇ ಇತ್ತು ಎಂದು ಹೇಳಿದೆ. ನೀನು ಆ ಕಡೆಗೇ ಹೋಗುತ್ತಿದ್ದೆಯೋ ಇಲ್ಲವೋ, ಗೊತ್ತಿಲ್ಲ. ಅದು ನಿನಗೂ ಗೊತ್ತಾಗದಂತೆ ಮಾಡಿದವನು ನಾನು.

ಕಳೆದ ಮೇ ತಿಂಗಳಲ್ಲಿ ಫ್ರಾನ್ಸಿಸನ ಮಗಳ ಮದುವೆ. ಹಿಂದಿನ ದಿನದ ರೋಸ್ ಶಾಸ್ತ್ರಕ್ಕೆ ನೀನು ಬಂದೆ. ಎಲ್ಲರೂ ಹುಡುಗಿಯ ತಲೆಗೆ ತೆಂಗಿನಹಾಲು ಹಚ್ಚಿ ನಗುತ್ತಿದ್ದರು. ನಿನ್ನ ಸರದಿ ಬಂದಾಗ ನೀನು ಬೆರಳು ಅದ್ದಿ, ಅವಳ ಹಣೆಗೆ ಮೆಲ್ಲಗೆ ಹಚ್ಚಿ, ಅವಳ ಪಕ್ಕದಲ್ಲೇ ನಿಂತಿದ್ದ ಅಣ್ಣನ ಕಡೆ ನೋಡದೆ ವೇದಿಕೆಯಿಂದ ಕೆಳಗಿಳಿದೆ. ಮದುವೆ ಊಟಕ್ಕೂ ನಿಲ್ಲಲಿಲ್ಲ. ಶಾಸ್ತ್ರ ಮುಗಿದು ಜನ ಕರಗಿದ ಮೇಲೆ ಅವನು ನನ್ನ ಪಕ್ಕದ ಕುರ್ಚಿಗೆ ಬಂದು ಕೂತ. ಅಂಗಿಯ ತೋಳಿನ ಮೇಲೆ ತೆಂಗಿನಹಾಲು ಒಣಗಿತ್ತು.

"ನಾನು ಅವಳಿಗೆ ಎಂತ ಮಾಡಿದ್ದೇನೆ ಲೋಕ? ಇಷ್ಟು ವರ್ಷ ಯೋಚನೆ ಮಾಡ್ತಾ ಉಂಟು, ಗೊತ್ತಾಗುದಿಲ್ಲ. ನಿನಗೆ ಗೊತ್ತಿದ್ರೆ ಹೇಳು."

ಗೊತ್ತಿಲ್ಲ ಎಂದೆ. ಆವತ್ತು ನಿನಗೆ ಸುಳ್ಳು, ಈಗ ಅವನಿಗೆ. ಹೇಳಿಬಿಡಬಹುದಿತ್ತು. ಆದರೆ ಹೇಳಿದ್ದರೆ ನಿನ್ನ ಗುಟ್ಟನ್ನು ನಿನ್ನನ್ನು ಕೇಳದೆ ಕೊಟ್ಟಂತಾಗುತ್ತಿತ್ತು — ಮತ್ತೆ ನಿನ್ನ ಪರವಾಗಿ ನಾನೇ ನಿರ್ಧರಿಸಿದಂತೆ. ಇದು ನಿಜವಾದ ಕಾರಣವೋ, ಹೇಡಿತನಕ್ಕೆ ಸಿಕ್ಕ ಒಳ್ಳೆಯ ಹೆಸರೋ, ಅದನ್ನೂ ಖಚಿತವಾಗಿ ಹೇಳಲಾರೆ. ಅವನಿಗೆ ಹೇಳಬೇಕೋ ಬೇಡವೋ, ನೀನೇ ಹೇಳುತ್ತೀಯೋ, ನಾನು ಹೇಳಬೇಕೋ, ಇಲ್ಲ ಹೀಗೇ ಇರಲಿ ಎನ್ನುತ್ತೀಯೋ, ಅದು ನಿನ್ನದು. ಹೇಳು ಎಂದರೆ ಅದೇ ದಿನ ಬೇಲಿ ದಾಟಿ ಹೋಗುತ್ತೇನೆ. ಕ್ಷಮೆ ಕೇಳುತ್ತಿಲ್ಲ.

ನಿನಗೆ ಬರೆಯಲು ಕೂತಾಗ ಮತ್ತೆ ಆ ಮಳೆ ಬಂತು. ಮೂರು ಸಲ ಬರೆದೆ, ಮೂರು ಸಲವೂ ಕಾಗದ ಅದರಿಂದಲೇ ಶುರುವಾಯಿತು. ‘ಆ ದಿನ ಮಳೆ ಬಂದದ್ದರಿಂದ...' ಆಗ ಅಪ್ಪನ ಮಳೆಪುಸ್ತಕದ ನೆನಪಾಯಿತು. ನಮ್ಮ ಕಡೆ ತೋಟವಿರುವ ಎಲ್ಲರೂ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟಿರುತ್ತಾರೆ, ಬೆಳಿಗ್ಗೆ ಎಂಟಕ್ಕೆ ನೋಡಿ ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಬರೆಯುತ್ತಾರೆ. ಅಪ್ಪ ಐವತ್ತು ವರ್ಷ ಬರೆದರು. ಮಳೆಯಿಲ್ಲದ ದಿನವನ್ನೂ ಖಾಲಿ ಬಿಡುತ್ತಿರಲಿಲ್ಲ, ಒಂದು ಸಣ್ಣ ಗೀಟು ಎಳೆಯುತ್ತಿದ್ದರು. ಗೀಟೆಂದರೆ ನೋಡಿದೆ, ಇಲ್ಲ. ಖಾಲಿಯೆಂದರೆ ನೋಡಲೇ ಇಲ್ಲ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಡಬ್ಬಿ ನೋಡದೆಯೇ, ರಾತ್ರಿಯ ಸದ್ದು ಕೇಳಿದ್ದರ ಮೇಲೆ ನಾನು ಮೂವತ್ತು ಸೆಂಟು ಎಂದು ಬರೆದಿದ್ದೆ. ಅಪ್ಪ ಅದನ್ನು ಹೊಡೆದುಹಾಕಿ ಪೆನ್ನು ನನ್ನ ಕೈಗೇ ಕೊಟ್ಟರು. "ನೋಡಿ ಬರೆ. ಅಂದಾಜ್‌ಲಿ ಬರೆಬೇಡ."

ಹಳೆಯ ಪಂಚಾಂಗದಲ್ಲಿ ಆ ವರ್ಷದ ಈಸ್ಟರ್ ಹುಡುಕಿ, ಒಂದು ವಾರ ಹಿಂದೆ ಎಣಿಸಿ, ಪುಸ್ತಕ ತೆರೆದೆ. ಭಾನುವಾರ ಬೆಳಿಗ್ಗೆ ಗೀಟು. ಸೋಮವಾರ ಬೆಳಿಗ್ಗೆ — ಭಾನುವಾರದ ಮಳೆ ಲೆಕ್ಕಕ್ಕೆ ಬರುವುದು ಅಲ್ಲಿ — ಅಲ್ಲೂ ಗೀಟು. ಆದರೂ ನನಗೆ ಸಮಾಧಾನವಿಲ್ಲ. ಕೊಡಗಿನ ಮಳೆ ರಸ್ತೆಯ ಒಂದು ಬದಿಗೆ ಬಿದ್ದು ಇನ್ನೊಂದು ಬದಿಯನ್ನು ಒಣಗಿಸಿ ಹೋಗುತ್ತದೆ. ನಮ್ಮಲ್ಲಿ ಬರದೆ ಸುಂಟಿಕೊಪ್ಪದಲ್ಲಿ ಬಂದಿರಬಹುದು. ಫ್ರಾನ್ಸಿಸನ ಎಸ್ಟೇಟಿನ ಆ ತುದಿ ಪೇಟೆಗೆ ತಾಗಿಯೇ ಇದೆ, ಡಬ್ಬಿ ಇರುವುದೂ ಅಲ್ಲೇ, ಆಫೀಸಿನ ಎದುರು. ಪುಸ್ತಕ ಬರೆಯುತ್ತಿದ್ದವನು ಅವನೇ.

ಹೋಗಿ ಕೇಳಿದೆ. ಯಾಕೆಂದು ಕೇಳಿದ, ಹಳೆಯದೊಂದು ನೋಡಬೇಕಿತ್ತು ಎಂದೆ. ಪ್ರೊಫೆಸರಿಗೆ ರಿಟೈರಾದ ಮೇಲೆ ಮಳೆಯ ಮೇಲೂ ಸಂಶಯ ಬಂತಾ ಎಂದು ನಗುತ್ತ ಕಪಾಟಿನ ಮೇಲಿನಿಂದ ಪುಸ್ತಕ ಇಳಿಸಿ, ಧೂಳು ಒರೆಸಿ ಕೊಟ್ಟ. ಅವನೇ ಪುಟ ತಿರುವಿದ. ಅವನ ದುಂಡಗಿನ ಅಕ್ಷರ. ಆ ವಾರದ ಶುಕ್ರವಾರದ ಎದುರು ಬರೆದಿತ್ತು: ತೊಂಬತ್ತು ಸೆಂಟು, ನಿನ್ನೆ ಸಂಜೆ ಹೂಮಳೆ, ದೇವರಿಗೆ ಸ್ತೋತ್ರ.

ನಿನ್ನೆ ಸಂಜೆ — ಗುರುವಾರ. ನಾವು ಮೈಸೂರಿನಿಂದ ಬಂದಿಳಿದ ಸಂಜೆ. ಅಂಗಡಿಯ ಜಗಲಿ, ಹಂಚಿನ ಸದ್ದು, ಪ್ಯಾಂಟಿಗೆ ಹಾರಿದ ಕೆಸರು, ಎಲ್ಲ ನಿಜ. ನನ್ನ ಪಕ್ಕದಲ್ಲಿ ಬ್ಯಾಗು ಎದೆಗವಚಿಕೊಂಡು ನೀನು ನಿಂತಿದ್ದೆ. ಆ ಜಗಲಿಯಿಂದ ನಿನ್ನನ್ನು ತೆಗೆದು, ಗರಿ ಹಿಡಿದ ಜನರನ್ನು ಸೇರಿಸಿ, ನಾಲ್ಕು ದಿನ ಹಿಂದಕ್ಕೆ ಎಳೆದುಕೊಂಡಿದ್ದೆ.

ಬೆರಳನ್ನು ಮೇಲಕ್ಕೆ ಸರಿಸಿದೆ. ಗುರುವಾರ ಗೀಟು, ಬುಧವಾರ ಗೀಟು, ಮಂಗಳವಾರ ಗೀಟು, ಸೋಮವಾರ ಗೀಟು. ಗರಿಗಳ ಭಾನುವಾರ ಸುಂಟಿಕೊಪ್ಪದಲ್ಲಿ ಮಳೆ ಬಂದಿರಲಿಲ್ಲ.